ಅತ್ತೆಗೆ ಸಿಗದ ಪುಟ

ಆ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಹದಿನಾಲ್ಕು ಸಾವಿರ ಪುಟಗಳಿದ್ದವು. ಹಿಂದೆ ಒಬ್ಬ ಪುಣ್ಯಾತ್ಮ ಹಲ್ಲುನೋವಿಗೆ ಡಾಕ್ಟರನ್ನು ಹುಡುಕಲು ಅದರೊಳಗೆ ಹೊಕ್ಕು, ಹೊರಬರುವಷ್ಟರಲ್ಲಿ ಹಲ್ಲೇ ತಾನಾಗಿ ಉದುರಿತ್ತಂತೆ. ನಂಬದಿದ್ದರೆ ಬಿಡಿ, ಉದುರಿದ್ದು ಒಂದಲ್ಲ, ಎರಡು.

ಅದನ್ನು ಅಚ್ಚುಕಟ್ಟು ಮಾಡುವ ಗುತ್ತಿಗೆ ಹಿಡಿದು, ಅಂಥ ಕಾಡನ್ನು ಆರೇ ತಿಂಗಳಲ್ಲಿ ತೋಟ ಮಾಡಿದವಳು ಈ ಕಥೆಯ ಸೊಸೆ. ಪ್ರತಿ ಪುಟದ ಹೆಸರನ್ನೂ ಚೀಟಿಯಲ್ಲಿ ಬರೆದು, ನೆಲದ ಮೇಲೆ ಗುಡ್ಡೆ ಮಾಡಿ, ಗುಡ್ಡೆಗೊಂದು ತಲೆಬರಹ ಕೊಟ್ಟಿದ್ದಳು. ಚೀಟಿ ಹಾರೀತೆಂದು ಆರು ತಿಂಗಳು ಆ ಕೋಣೆಯಲ್ಲಿ ಫ್ಯಾನ್ ಹಾಕಿರಲಿಲ್ಲ, ಯಾರೂ ಸೀನಿರಲಿಲ್ಲ.

ಉಳಿದದ್ದು ಕೊನೆಯ ಪರೀಕ್ಷೆ. ಹೊರಗಿನ ಐವರು, ತಮಗೆ ಕೇಳಿದ್ದನ್ನು ವೆಬ್‌ಸೈಟಿನಲ್ಲಿ ತಲಾ ಒಂದು ನಿಮಿಷದಲ್ಲಿ ಹುಡುಕಬೇಕು. ಒಬ್ಬರು ಸೋತರೂ ಕೆಲಸ ಬೇರೆ ಕಂಪನಿಯ ಪಾಲು ಎಂದು ಆಸ್ಪತ್ರೆಯ ಅಧಿಕಾರಿ ಹೇಳಿಬಿಟ್ಟಿದ್ದರು. ಹುಡುಕುವಾಗ ಪಕ್ಕದಲ್ಲಿದ್ದವರು ತುಟಿ ಬಿಚ್ಚುವಂತಿಲ್ಲ. ನಾಲ್ವರು ಗೆದ್ದರು. ಐದನೆಯಾತ ಕೈಕೊಟ್ಟದ್ದರಿಂದ ಸೊಸೆ ತನ್ನ ಅತ್ತೆಯನ್ನೇ ಕರೆತಂದಳು.

“ನಿಮ್ಮ ತಂಗಿ ಇಲ್ಲಿ ಅಡ್ಮಿಟ್ ಆಗಿದಾರೆ ಅಂದ್ಕೊಳ್ಳಿ. ನೋಡೋಕೆ ಎಷ್ಟು ಹೊತ್ತಿಗೆ ಬರಬಹುದು, ಹುಡುಕಿ ಅಮ್ಮಾ,” ಎಂದು ಅಧಿಕಾರಿ ಗಡಿಯಾರ ಹಿಡಿದರು.

ಅತ್ತೆ ಕನ್ನಡಕ ಏರಿಸಿ “ದಾರಿ, ಪಾರ್ಕಿಂಗ್” ಎಂಬಲ್ಲಿ ಒತ್ತಿದರು. ಬೇಕಾದದ್ದು ಇದ್ದದ್ದು “ಒಳರೋಗಿಗಳಿಗೆ” ಎಂಬ ತಲೆಬರಹದಡಿ. ಇಪ್ಪತ್ತು ಸೆಕೆಂಡು. ಅತ್ತೆ ಫೋನ್ ನಂಬರುಗಳ ಪುಟಕ್ಕೆ ಹಾರಿದರು. ನಲವತ್ತು. ಸೊಸೆ ಹಲ್ಲು ಕಚ್ಚಿಕೊಂಡ ಸದ್ದಿಗೆ ಪಕ್ಕದ ಕೋಣೆಯವರು ಬಂದು ಇಣುಕಿದರು. ಅರವತ್ತು.

“ಅಲ್ಲಾ ಅತ್ತೆ, ‘ಒಳರೋಗಿಗಳಿಗೆ’ ಅಂತ ಅಷ್ಟು ದಪ್ಪ ಅಕ್ಷರದಲ್ಲಿತ್ತಲ್ಲ!”

“ಮಲಗಿರೋಳು ನನ್ನ ತಂಗಿ ಕಣೇ, ಬಸ್ ಹತ್ತೋಳು ನಾನು. ರೋಗಿಗಳ ಪುಟಕ್ಕೆ ನಾನ್ಯಾಕೆ ಹೋಗ್ಲಿ? ಗುಂಡುಕಲ್ಲಿನ ಹಾಗಿದೀನಿ.”

ಅಧಿಕಾರಿಗೆ ನಗು ತಡೆಯಲಿಲ್ಲ. “ಹೋಗ್ಲಿ ಬಿಡಿ, ಮನೆಯವರು ಲೆಕ್ಕಕ್ಕಿಲ್ಲ. ನಾಳೆ ಬೇರೆ ಯಾರನ್ನಾದ್ರೂ ಕೂರಿಸಿ, ಪಾಸ್ ಮಾಡಿಬಿಡೋಣ.”

ಬದುಕಿದೆ ಎಂದುಕೊಳ್ಳಬೇಕಿತ್ತು. ಆದರೆ ಸೊಸೆಯ ಕಣ್ಣು ಗೆದ್ದವರ ಪಟ್ಟಿಯ ಮೇಲೆ ಬಿತ್ತು. ನಾಲ್ವರೂ ಹಿಂದೊಮ್ಮೆ ಅದೇ ಆಸ್ಪತ್ರೆಯಲ್ಲಿ ಮಲಗಿ ಎದ್ದುಹೋದವರು. ರೋಗಿಯನ್ನು ನೋಡಲು ಬರುವ ಒಬ್ಬರನ್ನೂ ಅವಳು ಆರು ತಿಂಗಳಲ್ಲಿ ಕೇಳಿರಲಿಲ್ಲ.

“ಬೇಡ ಸರ್. ಸೋತಿದ್ದು ಅತ್ತೆ ಅಲ್ಲ, ನಾನು. ಹಾಗೇ ಬರ್ಕೊಳ್ಳಿ. ಒಂದು ವಾರ ಕೊಟ್ರೆ ಸರಿ ಮಾಡ್ತೀನಿ. ಕೆಲಸ ಬೇರೆಯವರಿಗೆ ಕೊಡೋದಾದ್ರೆ, ಅತ್ತೆ ಹೇಳಿದ್ದನ್ನ ಅವರಿಗೂ ಹೇಳಿ.”

ಅಧಿಕಾರಿ ಗಡಿಯಾರವನ್ನು ಜೇಬಿಗಿಳಿಸಿದರು. “ಸೋತೆ ಅಂತ ಬಾಯಿಬಿಟ್ಟು ಹೇಳಿದವರನ್ನ ಈ ಕುರ್ಚಿಯಲ್ಲಿ ಕೂತು ನಾನಿನ್ನೂ ನೋಡಿಲ್ಲ. ವಾರ ತಗೊಳ್ಳಿ.”

ಸೊಸೆ ಮತ್ತೆ ನೆಲದ ಮೇಲೆ ಚೀಟಿ ಹರಡಿ, “ನೋಡಲು ಬರುವವರಿಗೆ” ಎಂದು ಹೊಸ ತಲೆಬರಹ ಬರೆದಳು. ಅತ್ತೆ ಪಕ್ಕದಲ್ಲಿ ಕೂತು ಗುಡ್ಡೆ ಕೆದಕತೊಡಗಿದರು.

“ಮುಂದಿನ ವಾರಾನೂ ನೀವೇ ಬರ್ತೀರಾ ಅತ್ತೆ?”

“ನನಗಿನ್ನು ದಾರಿ ಗೊತ್ತಾಯ್ತಲ್ಲ, ನನ್ನಿಂದೇನು ಪ್ರಯೋಜನ? ನಿನ್ನ ಗಂಡನ್ನ ಕೂರಿಸು. ಕಣ್ಣೆದುರಿಗಿರೋ ಕಾಲ್ಚೀಲ ಸಿಗಲ್ಲ ಅವನಿಗೆ. ಅವನೇ ಹುಡುಕಿಬಿಟ್ರೆ, ಆಮೇಲೆ ಯಾರನ್ನೂ ಕೂರಿಸೋದು ಬೇಡ.”