ಮೇಸ್ತ್ರಿಯ ಕೊನೆಯ ಕೈ

ಔಷಧಿ ಅಂಗಡಿಯವರ ಕಾರು ಮೂರನೇ ಸಲ ಹಗ್ಗ ಕಟ್ಟಿಸಿಕೊಂಡು ವರ್ಕ್‌ಶಾಪಿಗೆ ಬಂದಾಗ ಮೇಸ್ತ್ರಿಯ ಮಗಳಿಗೆ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಾಯಿತು. ದೂರದ ಊರಿನ ದೊಡ್ಡ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೇರುತ್ತೀಯೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ಅಪ್ಪ ಹೇಳಿದ್ದು ಒಂದೇ ಮಾತು: "ಹೋಗು, ಬೇಡ ಅನ್ನಲ್ಲ. ಕೈಲಿರೋ ಗಾಡಿ ಮುಗಿಸಿ ಹೋಗು." ಕೈಯಲ್ಲಿ ಉಳಿದಿದ್ದದ್ದು ಇದೊಂದೇ ಗಾಡಿ.

"ಇದನ್ನ ಬೆಳಿಗ್ಗೆ ಎಬ್ಬಿಸೋಕೆ ಅರ್ಧ ಗಂಟೆ ಬೇಕು ಕಣಮ್ಮ, ನನ್ನ ಭಾಮೈದನ ಥರ," ಎಂದರು ಔಷಧಿ ಅಂಗಡಿಯವರು. "ಎದ್ದರೂ ಅಷ್ಟೇ. ಸಿಗ್ನಲ್ಲಲ್ಲಿ ಕಾಲು ತೆಗೆದ ಕೂಡಲೇ ಮಲಗಿಬಿಡುತ್ತೆ. ಇವತ್ತು ಹಿಂದೆ ಬಸ್ಸಿತ್ತು. ಡ್ರೈವರು ನಮ್ಮ ತಾತನವರೆಗೂ ಹೋಗಿ ವಿಚಾರಿಸಿಕೊಂಡ."

"ಇಲ್ಲಿಂದ ಹೊರಡುವಾಗ ಚೆನ್ನಾಗಿತ್ತಲ್ಲ ಸಾರ್."

"ಇಲ್ಲಿ ಯಾವಾಗಲೂ ಚೆನ್ನಾಗೇ ಇರುತ್ತೆ. ಮಧ್ಯಾಹ್ನ ಬರ್ತೀನಿ. ನಿಮ್ಮಪ್ಪನ ಕಿವಿಗೆ ಒಂದು ಸಲ ಕೇಳಿಸಿಬಿಡಮ್ಮ, ಸಾಕು."

ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಎಂದೇ. ರಸ್ತೆಯ ತಿರುವಿನಲ್ಲಿ ಗಾಡಿ ಕಾಣಿಸುವ ಮೊದಲೇ, ಯಾವ ಸಿಲಿಂಡರ್ ಕೆಮ್ಮುತ್ತಿದೆ ಎಂದು ಕೂತಲ್ಲಿಂದಲೇ ಹೇಳಿದವನು. ಮಗಳದು ಲ್ಯಾಪ್‌ಟಾಪಿನ ಕೆಲಸ. ಎಂಜಿನ್ನಿನ ಬಲ ಹೆಚ್ಚಿಸಲು ಈ ಕಾರಿಗೆ ಹೊಸ ಕ್ಯಾಮ್, ದೊಡ್ಡ ಇಂಜೆಕ್ಟರ್ ಕೂರಿಸಿ, ಎಂಜಿನ್ ನಡೆಸಲು ಕಂಪನಿ ಕೊಟ್ಟ ಕಂಪ್ಯೂಟರ್ ಕಿತ್ತುಹಾಕಿ ಬೇರೆಯದನ್ನು ಹಾಕಿದವಳು ಅವಳೇ. ಹಾಗಾಗಿ ತಪ್ಪು ಅವಳದೇ ಇರಬೇಕು. ಹಿಂದಿನ ಎರಡು ಸಲವೂ ಬ್ಯಾಟರಿ, ಪ್ಲಗ್ಗು, ಪೆಟ್ರೋಲಿನ ಒತ್ತಡ ಎಲ್ಲ ನೋಡಿ, ಏನೂ ಸಿಗದೆ, ಕಂಪ್ಯೂಟರಿಗೆ ತುಂಬಿದ ತನ್ನ ಲೆಕ್ಕಾಚಾರವನ್ನೇ ಅನುಮಾನಿಸಿ ಮೊದಲಿಂದ ಬರೆದಿದ್ದಳು.

ಈ ಸಲ ಎಂಜಿನ್ ಚಾಲೂ ಮಾಡುವ ಮೊದಲೇ ಲ್ಯಾಪ್‌ಟಾಪ್ ಜೋಡಿಸಿ ಸುಮ್ಮನೆ ನೋಡುತ್ತ ಕೂತಳು. ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ. ಪರದೆ ಮಾತ್ರ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಶೇಕಡ ನಾಲ್ಕು ತೆರೆದಿದೆ ಎನ್ನುತ್ತಿತ್ತು. ಅವಳು ಬಿಟ್ಟದ್ದು ಸೊನ್ನೆಗೆ.

ಬಾನೆಟ್ ಎತ್ತಿ ಟಾರ್ಚ್ ಹಿಡಿದಳು. ಥ್ರಾಟಲ್ ಪೂರ್ತಿ ಮುಚ್ಚಿಕೊಳ್ಳದಂತೆ ತಡೆಯುವ ಪುಟ್ಟ ಸ್ಕ್ರೂ ಅಲುಗಿದರೆ ಗೊತ್ತಾಗಲೆಂದು ಅದರ ನಟ್ಟಿನ ಮೇಲೆ ಹಿಂದಿನ ಸಲ ಅವಳೇ ಹಳದಿ ಬಣ್ಣದ ಗೆರೆ ಎಳೆದಿದ್ದಳು. ಗೆರೆ ಎರಡು ತುಂಡಾಗಿತ್ತು. ಯಾರೋ ಕಾಲು ಸುತ್ತು ತಿರುಗಿಸಿದ್ದರು. ಅಷ್ಟೇ ಸಾಕಿತ್ತು. ಕಾಲು ತೆಗೆದರೂ ಕಂಪ್ಯೂಟರಿನ ಪಾಲಿಗೆ ಕಾಲು ಪೆಡಲ್ ಮೇಲೇ ಇತ್ತು. ಎಂಜಿನ್ ನಿಧಾನವಾದಾಗ ಅದನ್ನು ಹಿಡಿದೆತ್ತಬೇಕು ಎಂದು ಅದಕ್ಕೆ ಹೊಳೆಯುತ್ತಲೇ ಇರಲಿಲ್ಲ. ತಣ್ಣಗಿರುವಾಗ ಬೇಕಾದ ಹೆಚ್ಚಿನ ಗಾಳಿಯನ್ನೂ ಕೊಡುತ್ತಿರಲಿಲ್ಲ.

ಯಾರೋ ಅಂದರೆ ಯಾರು? ವರ್ಕ್‌ಶಾಪಿನಲ್ಲಿರುವುದೇ ಇಬ್ಬರು. ಅಪ್ಪನ ಕೊನೆಯ ಕೈ ಬೀಳದೆ ಇಲ್ಲಿಂದ ಒಂದು ಗಾಡಿಯೂ ಹೊರಗೆ ಹೋದದ್ದಿಲ್ಲ.

ಅವಳು ಸ್ಕ್ರೂವನ್ನು ಸರಿಮಾಡಿ, ಎಂಜಿನ್ ಚಾಲೂ ಇಟ್ಟು, ಗೋಡೆಯ ಪಕ್ಕ ಟೈರುಗಳ ಹಿಂದೆ ಹೋಗಿ ಕೂತಳು. ಅಪ್ಪ ಬಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುವುದು ಅವನ ಹಳೆಯ ರೂಢಿ. ಇವತ್ತು ಒಮ್ಮೆ ಬಾಗಿಲ ಕಡೆ ನೋಡಿಕೊಂಡ. ಆಮೇಲೆ ಹಿಡಿಯನ್ನು ಬಾಯಿಗಿಟ್ಟು ಮುಂದಿನ ಹಲ್ಲುಗಳಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿದ. ಇನ್ನೊಂದು ಕೈಯಿಂದ ಸ್ಕ್ರೂ ತಿರುಗಿಸುತ್ತ ಹೋದ, ಹಲ್ಲಿಗೆ ಎಂಜಿನ್ನಿನ ನಡುಕ ಸಿಗುವವರೆಗೆ.

ಎಂಜಿನ್ ನಿಲ್ಲಿಸಿ ಅವನು ನಟ್ಟು ಬಿಗಿಮಾಡುತ್ತಿದ್ದಾಗ ಅವಳು ಹಿಂದಿನಿಂದ ಕರೆದಳು. "ಅಪ್ಪ." ಇನ್ನೂ ಗಟ್ಟಿಯಾಗಿ, "ಅಪ್ಪ, ಅದನ್ನ ಮುಟ್ಟಬೇಡ."

ಅವನು ಬಿಗಿಮಾಡುತ್ತಲೇ ಇದ್ದ.

ಅವನ ಬೆನ್ನನ್ನು ನೋಡುತ್ತ ಅವಳಿಗೆ ಅಮ್ಮನ ನೆನಪಾಯಿತು. ಎರಡು ವರ್ಷದಿಂದ ಅಮ್ಮ ಊಟಕ್ಕೆ ಅಡುಗೆಮನೆಯಿಂದ ಕೂಗುತ್ತಿರಲಿಲ್ಲ. ಹೊರಗೆ ಬಂದು ಅಪ್ಪನ ಭುಜ ಮುಟ್ಟುತ್ತಿದ್ದಳು. ಈ ವಯಸ್ಸಿನಲ್ಲಿ ಎಂಥ ಪ್ರೀತಿ ಎಂದು ಮಗಳು ರೇಗಿಸಿದ್ದೂ ಉಂಟು. ಅಮ್ಮ ನಕ್ಕಿದ್ದಳು. ಏನು ಹೇಳಿದರೂ ಅಪ್ಪ "ಹೂಂ" ಎನ್ನುತ್ತಿದ್ದ. ತಾನು ಬಿಟ್ಟುಹೋಗುವುದಕ್ಕೆ ಮುನಿಸು ಎಂದುಕೊಂಡಿದ್ದಳು.

ತನಗೆ ಗೊತ್ತಾಯಿತೆಂದು ಹೇಳಿಬಿಡಬಹುದಿತ್ತು. ಹೇಳಿದರೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಕಿವಿ ಮೇಸ್ತ್ರಿ ನಾಳೆ ಯಾವ ಮುಖ ಹೊತ್ತು ಬಾಗಿಲಲ್ಲಿ ಕೂರುತ್ತಾನೆ? ಹೇಳದೆ ಹೊರಟರೆ ಒಂದೊಂದೇ ಗಾಡಿ ಹಗ್ಗ ಕಟ್ಟಿಸಿಕೊಂಡು ವಾಪಸು ಬರುತ್ತದೆ, ಆಮೇಲೆ ಬರುವುದೇ ಇಲ್ಲ. ಎರಡರ ನಡುವೆ ಒಂದು ಸಂದಿಯಾದರೂ ಇದ್ದೀತೆಂದು ಮಧ್ಯಾಹ್ನದವರೆಗೆ ಹುಡುಕಿದಳು. ಎಂಜಿನ್ ಪೂರ್ತಿ ತಣ್ಣಗಾಯಿತು. ಅಪ್ಪ ಕೈ ತೊಳೆಯಲು ಹಿಂದಕ್ಕೆ ಹೋದಾಗ ಲ್ಯಾಪ್‌ಟಾಪ್ ತೆರೆದು, ಸ್ಕ್ರೂ ಈಗ ನಿಂತಿರುವ ಜಾಗವೇ ಸೊನ್ನೆ ಎಂದು ಕಂಪ್ಯೂಟರಿಗೆ ಕಲಿಸಿದಳು. ಎರಡು ನಿಮಿಷದ ಕೆಲಸ. ಇನ್ನು ಮುಂದೆ ಪ್ರತಿ ಗಾಡಿಗೂ, ಅಪ್ಪನ ಕೈ ಬಿದ್ದ ಮೇಲೆ, ಅಪ್ಪನ ಕಣ್ಣು ತಪ್ಪಿಸಿ ಎರಡು ನಿಮಿಷ.

ಔಷಧಿ ಅಂಗಡಿಯವರು ಬಂದು ಕೀ ತಿರುಗಿಸಿದರು. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಮೂರು ಸಲ ಎಕ್ಸಲರೇಟರ್ ಒತ್ತಿ ಬಿಟ್ಟರು. ಎಂಜಿನ್ನಿನ ಸದ್ದು ಇಳಿಯಿತು, ಸ್ಥಿರವಾಯಿತು, ನಿಂತುಹೋಗಲಿಲ್ಲ.

"ನೋಡಿದೆಯಾ, ಮೇಸ್ತ್ರಿ ಕೈ ಬೀಳಬೇಕು ಅಂತ ನಾನು ಹೇಳಲಿಲ್ವಾ. ನಿನ್ನ ಕಂಪ್ಯೂಟರು ಇನ್ನೂ ಕಲೀಬೇಕು ಬಿಡಮ್ಮ."

"ಹೌದು ಸಾರ್," ಎಂದಳು.

ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಮುಗುಳ್ನಕ್ಕ. ಕಾರು ತಿರುವು ದಾಟಿದ ಮೇಲೆ ಸ್ಟೂಲಿನ ಮೇಲೆ ಅವಳಿಗೆ ಬೆನ್ನು ಹಾಕಿ ಕೂತು ಕೈ ಒರೆಸಿಕೊಳ್ಳತೊಡಗಿದ.

ಫೋನ್ ಬಂತು. ದೂರದ ಊರಿನವರು. ಹೊರಗೆ ಹೋಗಲು ಎರಡು ಹೆಜ್ಜೆ ಇಟ್ಟವಳು ನಿಂತಳು. ಹೋಗುವ ಅಗತ್ಯವಿರಲಿಲ್ಲ. ಅಪ್ಪನಿಂದ ಒಂದು ಮೊಳ ದೂರದಲ್ಲೇ ನಿಂತು, ದನಿ ತಗ್ಗಿಸದೆ ಹೇಳಿದಳು: "ಇಲ್ಲ ಸಾರ್, ನನಗೆ ಬರೋಕಾಗಲ್ಲ. ಈ ವರ್ಷ ಮಾತ್ರ ಅಂತಲ್ಲ. ಬೇರೆಯವರನ್ನ ನೋಡಿಕೊಳ್ಳಿ." ಆ ಕಡೆಯವರು ಕಾರಣ ಕೇಳಿದರು. ಅದನ್ನೂ ಹೇಳಿದಳು, ಮೊದಲ ಸಲ, ಬಾಯಿಬಿಟ್ಟು.

ಅಪ್ಪ ತಿರುಗಿದಾಗ ಫೋನ್ ಇನ್ನೂ ಅವಳ ಕೈಯಲ್ಲಿತ್ತು.

"ಯಾರದು?"

ಅವನ ಎದುರಿಗೆ ಬಂದು ನಿಂತು, ತುಟಿಗಳನ್ನು ಬಿಡಿಸಿ ಬಿಡಿಸಿ ಹೇಳಿದಳು: "ಪ್ಲಗ್ಗಿನ ಅಂಗಡಿಯವರು. ನಾಳೆ ಕಳಿಸ್ತಾರಂತೆ."

"ಹೂಂ," ಎಂದ ಅಪ್ಪ.