ಸಂಜೆಮಲ್ಲಿಗೆಗೆ ಬಂದ ಅಮೆರಿಕದ ಹಕ್ಕಿ

ಊರಾಚೆಯ ಮಂಡಕಳ್ಳಿಯಲ್ಲಿ ವಿಮಾನ ಇಳಿಯುವಾಗ, ಅಗ್ರಹಾರದ ತನ್ನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ, ಕಿಟಕಿ ಪಕ್ಕ ಕೂತ ಹೆಂಗಸಿನ ಮೂಗುತಿಯಲ್ಲಿ ಎಷ್ಟು ಹರಳಿವೆ ಅಂತ ಮಹದೇವು ಎಣಿಸಿಬಿಡುತ್ತಿದ್ದ. ಏಳಿದ್ದರೆ ಏಳು, ಎಂಟಿದ್ದರೆ ಎಂಟು. ಸೂಜಿಗೆ ದಾರ ಪೋಣಿಸಲು ಮಾತ್ರ ಕನ್ನಡಕ ಬೇಕಾಗುತ್ತಿತ್ತು. ಅದು ಸೂಜಿಯ ತಪ್ಪು.

ಇಂಥ ಕಣ್ಣಿಗೆ, ಮಾರ್ಚ್ ತಿಂಗಳ ಮೊದಲ ವಾರ, ಅಂಗಡಿ ಹಿತ್ತಿಲ ಸಂಜೆಮಲ್ಲಿಗೆಯ ಮುಂದೆ ಹೆಬ್ಬೆರಳು ಗಾತ್ರದ್ದೊಂದು ಜೀವ ಗಾಳಿಯಲ್ಲೇ ನಿಂತು ಮಕರಂದ ಹೀರುವುದು ಬಿತ್ತು. ಬಡಿಯುವ ವೇಗಕ್ಕೆ ರೆಕ್ಕೆಯೇ ಕಾಣದು. ಮೊಬೈಲಿನಲ್ಲಿ ನೋಡಿದ್ದ ಹಮ್ಮಿಂಗ್‌ಬರ್ಡ್ ಇದೇ ಅಂದುಕೊಂಡ. ಸುದ್ದಿ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅದು ಅಮೆರಿಕದಿಂದ ಹೊರಟು, ಎರಡು ಸಮುದ್ರ ದಾಟಿ, ಮಹದೇವುನ ಗಿಡವೇ ಬೇಕೆಂದು ಹಟ ಹಿಡಿದು ಬಂದ ಹಕ್ಕಿಯಾಗಿತ್ತು. ಬೀದಿ ಎಂದಿನಂತೆ ನಕ್ಕಿತು. ನಗದವರು ಸದಾಶಿವಯ್ಯ ಮೇಷ್ಟ್ರು ಒಬ್ಬರೇ.

ಮೇಷ್ಟ್ರು ಐವತ್ತು ವರ್ಷದಿಂದ ಹಕ್ಕಿ ನೋಡಿದವರು. ಈಗ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣು ಈ ಬೇಸಿಗೆ ದಾಟಿದರೆ ಹೆಚ್ಚು ಅಂತ ಡಾಕ್ಟರು ಹೇಳಿದ್ದರು. ಆ ಜಾತಿ ನಮ್ಮ ದೇಶದಲ್ಲೇ ಇಲ್ಲ, ನೀನು ನೋಡಿದ್ದು ಮಕರಂದ ಹೀರುವ ನಮ್ಮ ಸೂರಕ್ಕಿ ಇರಬೇಕು ಅಂದರು ಮೇಷ್ಟ್ರು. ಸೂರಕ್ಕಿ ಕೊಂಬೆ ಹಿಡಿದು ಕೂರುತ್ತೆ, ಇದು ಕೂರೋದೇ ಇಲ್ಲ, ಹಿಂದುಹಿಂದಕ್ಕೂ ಹಾರುತ್ತೆ ಅಂದ ಮಹದೇವು. ಅಷ್ಟು ನಿಜ. ಕೊಕ್ಕು ಹೇಗಿತ್ತು, ಪುಕ್ಕ ಇತ್ತಾ, ಕೂಗಿತಾ ಅಂತ ಅವರು ಕೇಳುತ್ತ ಹೋದಾಗ ಇವನ ನಾಲಿಗೆ ನಿಲ್ಲಲಿಲ್ಲ. ದಬ್ಬಳದಂಥ ಕೊಕ್ಕು, ಕೆಂಪು ಕುತ್ತಿಗೆ, ಪಿಟೀಲಿನಂಥ ದನಿ. ಯಾರೋ ಪಂಜರದಲ್ಲಿ ಸಾಕಿದ್ದು ತಪ್ಪಿಸಿಕೊಂಡಿರಬಹುದು ಅಂತ ಮೇಷ್ಟ್ರು ಎಲ್ಲ ಬರೆದುಕೊಂಡರು. ಮಾರನೇ ಸಂಜೆಯಿಂದ ಹಿತ್ತಿಲಲ್ಲಿ ಸ್ಟೂಲು ಹಾಕಿಸಿಕೊಂಡು ಕೂತರು.

ಮೂರನೇ ದಿನ ಬೆಳಗ್ಗೆ, ಅಂಗಡಿಯ ಕಿಟಕಿ ಗಾಜಿನ ಕೆಳಗೆ ಆ ಹಕ್ಕಿ ಸತ್ತು ಬಿದ್ದಿತ್ತು. ಆರು ಕಾಲು, ಎರಡು ಮೀಸೆ, ಕೊಕ್ಕಿನ ಜಾಗದಲ್ಲಿ ಸುರುಳಿ ಸುತ್ತಿಕೊಂಡ ಎಳೆ. ಪತಂಗ. ಮಹದೇವು ಅದನ್ನು ಚಿಂದಿ ಬಟ್ಟೆಯ ಜೊತೆ ಗುಡಿಸಿ ಹಾಕಿದ.

ನಾಲ್ಕನೇ ಸಂಜೆ ಮೇಷ್ಟ್ರಿಗೆ ಗೆಳೆಯರ ಫೋನು ಬಂತು. ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ನಾಳೆ ಹೊರಟಿದ್ದೇವೆ, ಮಂಗೋಲಿಯಾದಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಇನ್ನೇನು ವಾಪಸು ಹೋಗುತ್ತವೆ, ಕಣ್ಣಿರುವಾಗ ಇನ್ನೊಂದು ಸಲ ನೋಡಿಬಿಡಿ ಅಂದರಂತೆ. ಮೇಷ್ಟ್ರು ಫೋನು ಕೈಯಲ್ಲಿ ಹಿಡಿದುಕೊಂಡೇ ಇವನ ಕಡೆ ತಿರುಗಿದರು.

"ನಿನ್ನ ಹಕ್ಕಿ ಬರುತ್ತಾ, ಮಹದೇವು?"

"ಬಂದೇ ಬರುತ್ತೆ ಮೇಷ್ಟ್ರೇ. ಇವತ್ತು ಬೆಳಗ್ಗೆ ತಾನೇ ಬಂದು ಹಾಡ್ತಿತ್ತು."

ಗೆಳೆಯರ ವ್ಯಾನು ಅವರಿಲ್ಲದೆ ಹೋಯಿತು. ಮುಂದಿನ ವಾರ ಹೆಬ್ಬಾತುಗಳು ಹಾರಿಹೋಗಿ ಕೆರೆ ಖಾಲಿಯಾದ ಸುದ್ದಿ ಬಂತು.

ಹನ್ನೊಂದನೇ ಸಂಜೆ ಸಂಜೆಮಲ್ಲಿಗೆಗೆ ಅಂಥದ್ದೇ ಇನ್ನೊಂದು ಬಂತು. ಮೇಷ್ಟ್ರು ಮೂಗು ಹೂವಿಗೆ ತಾಗುವಷ್ಟು ಬಗ್ಗಿ, ತುಂಬ ಹೊತ್ತು ನೋಡಿದರು.

"ಮೀಸೆ ಇದೆ ಕಣಯ್ಯ. ಪತಂಗ. ಪಾಪ, ನೀನೂ ಮೋಸ ಹೋದೆ, ಬಿಡು." ಎದ್ದು ಹೊರಟವರು ತಿರುಗಿ ನಿಂತರು. "ಪತಂಗ ಹಾಡಲ್ವಲ್ಲ ಮಹದೇವು. ಆವತ್ತು ಬೆಳಗ್ಗೆ ಹಾಡಿದ್ದು ಯಾರು?"

ಹಾಡಿದ್ದು ಅದರ ಹೆಂಡತಿ ಅನ್ನಲು ಮಹದೇವು ಬಾಯಿ ತೆರೆದ. ಮೇಷ್ಟ್ರ ಒಂದೇ ಕಣ್ಣು ಇವನ ಮುಖವನ್ನು ಹುಡುಕುತ್ತಿತ್ತು. ಸಿಕ್ಕಲಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತಿತ್ತು.

"ಯಾರೂ ಹಾಡಲಿಲ್ಲ ಮೇಷ್ಟ್ರೇ."

"ಯಾವಾಗ ಗೊತ್ತಾಯ್ತು ನಿನಗೆ?"

"ಮೂರನೇ ದಿನ."

"ಫೋನು ಬಂದದ್ದು ನಾಲ್ಕನೇ ದಿನ."

"ಹೂಂ. ಗೊತ್ತಿದ್ದೇ ಹೇಳ್ಬುಟ್ಟೆ. ಮಹದೇವು ಹೇಳಿದ್ದನ್ನ ನಂಬ್ಕೊಂಡು ನಿಮ್ಮಂಥೋರು ದಿನಾ ಬಂದು ಕೂತ್ಕೋತಿದ್ರಿ. ಇದುವರೆಗೂ ಯಾರೂ ಹಂಗೆ ಬಂದು ಕೂತಿರ್ಲಿಲ್ಲ, ಮೇಷ್ಟ್ರೇ."