ಮನೆಗೆ ಕೊಡದ ಪುಸ್ತಕ

ಎಷ್ಟು ಬೆಳ್ಳಗಿದೆ ಸಾಹೇಬರ ಕರವಸ್ತ್ರ, ಕಪಾಟಿನ ಹಲಗೆಗೆ ಒರೆಸಿದರೂ ಧೂಳಿನ ಒಂದು ಗೆರೆ ಹತ್ತಲಿಲ್ಲ, ಹತ್ತುವುದಾದರೂ ಹೇಗೆ, ಬೆಟಗೇರಿಯ ಈ ಓಣಿ ದವಾಖಾನೆಯ ಬಾಗಿಲು ತೆರೆದ ಕೂಡಲೇ ಯಮುನಾಬಾಯಿ ಮಾಡುವ ಮೊದಲ ಕೆಲಸವೇ ಅದು, ರೋಗಿಗಳ ಚೀಟಿ ಬರೆಯುವುದು ಆಮೇಲೆ— ಧಾರವಾಡದಿಂದ ತಪಾಸಣೆಗೆ ಬಂದ ಸಾಹೇಬರು ಓಣಿಯವರು ಓದಲೆಂದು ಕೊಟ್ಟ ಆರೋಗ್ಯದ ಪುಸ್ತಕಗಳು ಇಷ್ಟು ಹೊಸದಾಗಿ ಉಳಿದದ್ದನ್ನು ಎಲ್ಲೂ ಕಂಡಿಲ್ಲ ಅನ್ನುತ್ತಿದ್ದಾರೆ, ಡಾಕ್ಟರ್ ಪ್ರಹ್ಲಾದರಾಯರು ಹಿಗ್ಗಿ, ಎಲ್ಲಾ ನಮ್ಮ ಬಾಯಾರ ಶಿಸ್ತುರೀ ಅನ್ನುತ್ತಾರೆ, ಇದೇ ರಾಯರು ಎರಡು ವರ್ಷದ ಹಿಂದೆ, ಬಾಣಂತಿ ಆರೈಕೆಯ ಪುಸ್ತಕ ಯಾರೋ ಒಯ್ದು ಕಳೆದಾಗ, ಇನ್ನೊಂದು ಹೋದರೆ ನೌಕರಿನೂ ಹೋಗತದ ಅಂದವರು, ಅಂದಿನಿಂದ ಕಪಾಟಿನ ಕೀಲಿ ಯಮುನಾಬಾಯಿಯ ಸೆರಗಿನ ಗಂಟಿನಲ್ಲಿ, ಪುಸ್ತಕಗಳಿಗೆ ಹೊದಿಕೆ ಹಾಕಿದ್ದು ಅವಳು, ನಂಬರು ಬರೆದದ್ದು ಅವಳು, ಒಳಗೇನಿದೆ ಎಂದು ಒಂದನ್ನೂ ತೆರೆದು ಓದದವಳೂ ಅವಳೇ.

ಹೋದ ತಿಂಗಳು ಇದೇ ಓಣಿಯ ನೇಕಾರರ ತಿಪ್ಪವ್ವ ಬಂದಿದ್ದಳು, ಮಗ್ಗಕ್ಕೆ ಕಂಡಿಕೆ ಸುತ್ತುವುದನ್ನು ಅರ್ಧಕ್ಕೆ ಬಿಟ್ಟು, ಬೆರಳಿಗೆಲ್ಲ ನೂಲಿನ ಕೆಂಪು ಬಣ್ಣ, ಕೂಸಿಗೆ ಭೇದಿ ನಿಂದ್ರವಲ್ದ್ರಿ, ಡಾಕ್ಟರ್ ಇಲ್ಲಂದ್ರ ಆ ಭೇದಿ ಪುಸ್ತಕರೆ ಕೊಡ್ರಿ, ನಾಕನೇ ಇಯತ್ತೆ ತನಕ ಓದೇನ್ರಿ— ರಾಯರು ಅಂದು ಧಾರವಾಡದ ಮೀಟಿಂಗಿಗೆ ಹೋಗಿದ್ದರು, ಯಮುನಾಬಾಯಿ ಆ ಕೈ ನೋಡಿದಳು, ಬಿಳಿ ಹಾಳೆ ನೆನೆದಳು, ಮನಿಗೆ ಕೊಡೂ ಹಂಗಿಲ್ಲವ್ವಾ, ನಾಳೆ ಕೂಸಿನ್ನ ಕರಕೊಂಡು ಬಾ, ಅಂದಳು, ಇಲ್ಲೇ ಕೂತು ಓದು ಅನ್ನಬಹುದಿತ್ತು, ಗದುಗಿನ ದೊಡ್ಡ ದವಾಖಾನೆಗೆ ಒಯ್ಯಿ ಅನ್ನಬಹುದಿತ್ತು, ಅನ್ನಲಿಲ್ಲ, ಹಳೆಯ ಚೀಟಿ ಜೋಡಿಸುತ್ತ ಕೂತಳು, ಮರುದಿನ ಮಧ್ಯಾಹ್ನ ಸಿಪಾಯಿ ನಬಿಸಾಬ, ತಿಪ್ಪವ್ವನ ಕೂಸು ಹೋತಂತ್ರಿ ಅಂದ, ಅವಳು ಅಯ್ಯೋ ಅಂದಳು, ಊಟದ ಡಬ್ಬಿ ಬಿಚ್ಚಿದಳು, ಉಂಡಳು ಕೂಡ.

ಈಗ ಸಾಹೇಬರಿಗೆ ಓಣಿಯ ಹೆಂಗಸೊಬ್ಬಳು ಓದುವುದನ್ನು ಕೇಳಬೇಕಂತೆ, ವರದಿಗೆ ಬೇಕು, ಬಾಕಿನ ಮೇಲೆ ಕೆಮ್ಮುತ್ತ ಕೂತವಳು ತಿಪ್ಪವ್ವನೇ, ಬೇರೆ ಯಾರೂ ಇರಬಾರದಿತ್ತೇ ಇವತ್ತು, ಓದಲು ಬರತದೇನವ್ವಾ, ಸಾಹೇಬರು ಕೇಳಿದರು, ಬರತೈತ್ರಿ, ಯಾವ ಪುಸ್ತಕ ಬೇಕು, ಕೂಸಿನ ಭೇದೀದು ಕೊಡ್ರಿ ಅಂದಳು, ದನಿ ಏರಲಿಲ್ಲ, ಯಮುನಾಬಾಯಿಯ ಕಡೆ ನೋಡಲೂ ಇಲ್ಲ, ಬಾಯಾರ ಕೊಡ್ರಿ ಜಲ್ದಿ ಎಂದು ರಾಯರು ನಗುತ್ತಿದ್ದಾರೆ, ಕೀಲಿ ತಿರುಗಿತು, ಬಡವಿ, ತಡವರಿಸಲಿ, ಓದಲು ಬಾರದಿರಲಿ ದೇವರೇ, ಬಾರದಿದ್ದರೆ ಅಂದು ಕೊಟ್ಟಿದ್ದರೂ ಅಷ್ಟೇ ಆಗುತ್ತಿತ್ತು— ತಿಪ್ಪವ್ವ ಪುಟ ತೆರೆದಳು, ಬೆರಳಿಟ್ಟು ಓದಿದಳು, ಎಲ್ಲೂ ತಡೆಯದೆ, ಒಂದು ತಂಬಿಗೆ ಕುದಿಸಿ ಆರಿಸಿದ ನೀರು, ಒಂದು ಹಿಡಿ ಸಕ್ಕರೆ, ಮೂರು ಬೆರಳಿನ ಚಿಟಿಕೆ ಉಪ್ಪು, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು, ಸಾಹೇಬರು ಶಾಬಾಸ್ ಅಂದರು, ಅವಳು ಪುಸ್ತಕ ಮುಚ್ಚಲಿಲ್ಲ, ತಲೆ ಎತ್ತಿ ನೋಡಿದಳು.

ಇಷ್ಟ ಇತ್ತೇನ್ರಿ ಬಾಯಾರ, ಇದರಾಗ.

ಸಾಹೇಬರು ಚಹಾಕ್ಕೆ ಎದ್ದರು, ಹೇಳಬೇಕು, ಏನಾದರೂ ಹೇಳಬೇಕು, ನಾನೂ ಇದನ್ನ ಓದಿರಲಿಲ್ಲವ್ವಾ ಎಂದಾದರೂ, ತಿಪ್ಪವ್ವ ಮತ್ತೆ ಮೊದಲ ಸಾಲಿನಿಂದ ಓದುತ್ತಿದ್ದಾಳೆ, ತನಗಷ್ಟೇ ಕೇಳುವ ಹಾಗೆ, ಬೆರಳು ನೀರು ದಾಟಿತು, ಸಕ್ಕರೆ ದಾಟಿತು, ಉಪ್ಪಿನ ಮೇಲೆ ನಿಂತಿತು, ಮತ್ತೆ ಮೇಲಕ್ಕೆ ಹೋಯಿತು, ನೀರು, ಸಕ್ಕರೆ, ಉಪ್ಪಿನ ಮೇಲೆ ನಿಂತಿತು, ಮತ್ತೆ ನೀರು, ಸಕ್ಕರೆ, ಆ ಬೆರಳು, ಉಪ್ಪಿನ ಮೇಲೆ